ತಾಯಿಯ ಹೆಸರಿನ ಕೊಳವೆ

ಗದಗಿನ ವಂಶವಾಹಿ ದುರಸ್ತಿ ಕೇಂದ್ರದ ಬಾಗಿಲಿಗೆ ನಾಲ್ಕು ಮೆಟ್ಟಿಲುಗಳಿದ್ದವು. ಕಟ್ಟಡ ಮೊದಲು ಬಿತ್ತನೆ ಬೀಜದ ಗೋದಾಮಾಗಿತ್ತು. ಲಾರಿಯಿಂದ ಚೀಲ ಇಳಿಸಲು ಅನುಕೂಲವಾಗಲೆಂದು ನೆಲವನ್ನು ಎತ್ತರಿಸಿದ್ದರು. ಕೇಂದ್ರ ಬಂದಮೇಲೆ ಪಕ್ಕದಲ್ಲಿ ಗಾಲಿಕುರ್ಚಿಗೆಂದು ಇಳಿಜಾರು ಮಾಡಿಸಿದರೂ ಡಾ. ನಸೀಮಾ ಮುಜಾವರ ಮೆಟ್ಟಿಲುಗಳನ್ನು ಕೆಡವಲು ಬಿಡಲಿಲ್ಲ. ಅರ್ಧ ರೋಗ ತಮಗೆ ಅಲ್ಲಿಯೇ ಗೊತ್ತಾಗುತ್ತದೆ ಎನ್ನುತ್ತಿದ್ದರು. ಕಿಟಕಿಯ ಹತ್ತಿರ ನಿಂತು, ಮಗು ಆ ನಾಲ್ಕು ಮೆಟ್ಟಿಲು ಹತ್ತಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುವುದು ಅವರ ರೂಢಿ.

ಪ್ರಮಥನಿಗೆ ಏಳು ಸೆಕೆಂಡು ಹಿಡಿಯಿತು. ಆರು ವರ್ಷದ ಹುಡುಗ. ಎರಡನೆಯ ಮೆಟ್ಟಿಲಲ್ಲಿ ಮೊಣಕಾಲಿನ ಮೇಲೆ ಕೈಯೂರಿ, ತನ್ನ ತೊಡೆಯನ್ನೇ ಹಿಡಿದುಕೊಂಡು ಮೇಲೆದ್ದ. ಶಾಂಭವಿ ಅದನ್ನು ಮಾದರಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ರಕ್ತದ ಮಾದರಿ ತೆಗೆಯುವ ಕೆಲಸಕ್ಕೆ ಅವಳು ಸೇರಿ ಒಂಬತ್ತು ವರ್ಷವಾಗಿತ್ತು. ಹಾಗೆ ಏಳುವ ಮಕ್ಕಳನ್ನು ಎಷ್ಟೋ ಸಲ ನೋಡಿದ್ದಳು. ಹುಡುಗನ ಹಿಂದೆ ನೀರಿನ ಬಾಟಲಿ ಹಿಡಿದುಕೊಂಡು ಅವಳ ಅಕ್ಕ ದಾಕ್ಷಾಯಣಿ ಬರುತ್ತಿದ್ದಳು.

‘ಸಾಲ್ಯಾಗ ಬೀಳ್ತಾನಂತ. ಮಾಸ್ತರು ಬೂಟು ಬದಲಿಸ್ರಿ ಅಂದ್ರು,’ ಎಂದಳು ದಾಕ್ಷಾಯಣಿ. ‘ಎರಡು ಸಲ ಬದಲಿಸಿದೆ.’

ಶಾಂಭವಿ ಸೂಜಿ ಬಿಚ್ಚಿದಳು. ಹುಡುಗನ ಬೆರಳಿನಿಂದ ನಾಲ್ಕು ಹನಿ ರಕ್ತ ತೆಗೆದುಕೊಂಡು ಒಳಗೆ ಹೋದಳು.

ಒಳಗಿದ್ದ ಯಂತ್ರದ ಕೆಲಸ ತಿಳಿಯಲು ಕಷ್ಟದ್ದಲ್ಲ. ದೇಹವನ್ನು ಕಟ್ಟುವ ಸೂಚನೆಗಳೆಲ್ಲ ನಮ್ಮ ಒಂದೊಂದು ಜೀವಕೋಶದೊಳಗೂ ಇರುತ್ತವೆ. ನಾಲ್ಕೇ ಬಗೆಯ ಅಕ್ಷರಗಳಲ್ಲಿ ಬರೆದ, ಮುನ್ನೂರು ಕೋಟಿ ಅಕ್ಷರಗಳಷ್ಟು ಉದ್ದದ ಸಾಲು. ಒಂದು ಕೋಶ ಎರಡಾಗುವಾಗಲೆಲ್ಲ ಆ ಸಾಲು ಪೂರ್ತಿ ನಕಲಾಗಬೇಕು. ಅಷ್ಟು ನಕಲಿನಲ್ಲಿ ತಪ್ಪುಗಳು ಬೀಳದೆ ಇರುವುದಿಲ್ಲ. ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ. ಕೆಲವಂತೂ ಒಳ್ಳೆಯದನ್ನೇ ಮಾಡಿರುತ್ತವೆ. ಕೆಲವು ಮಾತ್ರ ರೋಗವಾಗಿ ತಾಯಿಯಿಂದ ಮಗುವಿಗೆ, ಮಗುವಿನಿಂದ ಅದರ ಮಗುವಿಗೆ ಸಾಗುತ್ತವೆ. ಶಾಂಭವಿಯ ತಂದೆ ಬೆಟಗೇರಿಯ ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದ ಕಡೆಯ ಕೆಲವರಲ್ಲಿ ಒಬ್ಬ. ಚೌಕಟ್ಟಿನಿಂದ ಒಂದು ಮೊಳೆ ಜಾರಿದರೂ ಅದರ ಮುಂದಿನದೆಲ್ಲ ಸರಿದು ಪುಟವೇ ಓದಲು ಬಾರದಂತಾಗುವುದನ್ನು ಅವಳು ಚಿಕ್ಕಂದಿನಲ್ಲಿ ಕಂಡಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಾಕ್ಟರು ವಂಶವಾಹಿಯ ಬಗ್ಗೆ ಪಾಠ ಮಾಡಿದಾಗ ಅವಳಿಗೆ ತಂದೆಯ ಕಪ್ಪು ಬೆರಳುಗಳು ನೆನಪಾಗಿದ್ದವು.

ಸಂಜೆಯ ಹೊತ್ತಿಗೆ ಯಂತ್ರ ಪ್ರಮಥನ ತಪ್ಪನ್ನು ಹುಡುಕಿ ಕೊಟ್ಟಿತು. ಸ್ನಾಯುವಿನ ಎಳೆಗಳನ್ನು ಬಿಗಿಹಿಡಿಯುವ ಒಂದು ಪ್ರೋಟೀನಿನ ಸೂಚನೆಯಲ್ಲಿ ಎರಡು ಅಕ್ಷರಗಳು ಇಲ್ಲ. ಸ್ನಾಯುಕ್ಷಯ. ಹಾಗೆಯೇ ಬಿಟ್ಟರೆ ಹನ್ನೊಂದನೆಯ ವರ್ಷಕ್ಕೆ ಗಾಲಿಕುರ್ಚಿ, ಇಪ್ಪತ್ತರ ಹೊತ್ತಿಗೆ ಉಸಿರಾಟಕ್ಕೂ ತೊಂದರೆ.

ಮಾರನೆಯ ದಿನ ಡಾಕ್ಟರು ದಾಕ್ಷಾಯಣಿಯನ್ನು ಕೂರಿಸಿಕೊಂಡು ವಿವರಿಸಿದರು. ಈ ಸೂಚನೆ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಅದು ಎರಡಿರುತ್ತದೆ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುವುದರಿಂದ ಅವಳಿಗೆ ಅದು ಗೊತ್ತೇ ಆಗುವುದಿಲ್ಲ. ಗಂಡಿಗೆ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು. ಹಾಗಾಗಿ ತಂದೆಯ ರಕ್ತ ಬೇಡ, ತಾಯಿಯದು ಬೇಕೇಬೇಕು. ತಾಯಿಯಲ್ಲಿ ಸರಿಯಾಗಿ ಉಳಿದಿರುವ ಪ್ರತಿಯನ್ನು ಅಚ್ಚಾಗಿಟ್ಟುಕೊಂಡು ಯಂತ್ರ ಮದ್ದು ತಯಾರಿಸುತ್ತದೆ. ಆ ಮದ್ದು ಸ್ನಾಯುವಿನ ಕೋಶಗಳೊಳಗೆ ಹೋಗಿ ಬಿದ್ದುಹೋದ ಅಕ್ಷರಗಳನ್ನು ಕೂರಿಸುತ್ತದೆ.

‘ಹೋದ ಶಕ್ತಿ ತಿರುಗಿ ಬರಂಗಿಲ್ಲ, ದಾಕ್ಷಾಯಣಿಯವರ,’ ಎಂದರು ಡಾಕ್ಟರು. ‘ಇದ್ದದ್ದು ಉಳೀತೈತಿ. ಅದಕ್ಕ ತಡ ಮಾಡಬಾರದು.’

ದಾಕ್ಷಾಯಣಿ ತಲೆಯಾಡಿಸಿದಳು. ಬಾಗಿಲ ಬಳಿ ಕಡತ ಹಿಡಿದು ನಿಂತಿದ್ದ ತಂಗಿಯ ಕಡೆ ನೋಡಲಿಲ್ಲ. ಶಾಂಭವಿಯೂ ನೋಡಲಿಲ್ಲ.

ಆರು ವರ್ಷದ ಹಿಂದೆ, ದಾಕ್ಷಾಯಣಿಯ ಮದುವೆಯಾಗಿ ಹದಿನೇಳು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆಗ ಮೂವತ್ತೆಂಟರ ಶಾಂಭವಿ ನೆನೆಸದೆ ಎರಡನೆಯ ಸಲ ಬಸಿರಾದಳು. ಮೊದಲನೆಯವಳು ಚಿನ್ಮಯಿ ಆಗಲೇ ಹದಿನೈದರವಳು, ವಸತಿಶಾಲೆಯಲ್ಲಿದ್ದಳು. ಯಾರು ಮೊದಲು ಕೇಳಿದರು, ಯಾರು ಮೊದಲು ಒಪ್ಪಿದರು ಎಂಬುದು ಈಗ ಯಾರಿಗೂ ನೆನಪಿಲ್ಲ. ಕೇಳುವ ಮೊದಲೇ ಒಪ್ಪಿದ್ದಿರಬೇಕು. ಶಾಂಭವಿ ಐದು ತಿಂಗಳು ರಜೆ ಹಾಕಿ, ಅಕ್ಕನ ಜೊತೆ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದಳು. ಆಸ್ಪತ್ರೆಯ ಚೀಟಿಯಲ್ಲಿ ದಾಕ್ಷಾಯಣಿಯ ಹೆಸರು ಬರೆಸಿದರು. ಹನ್ನೊಂದನೆಯ ದಿನ ದಾಕ್ಷಾಯಣಿ ಸೆರಗು ಹಿಡಿದು ಉಡಿ ಒಡ್ಡಿ ಕೂತಳು. ಶಾಂಭವಿ ಐದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ, ಉತ್ತತ್ತಿ, ಕುಪ್ಪಸದ ಖಣ ಹಾಕಿ, ಅವುಗಳ ಮೇಲೆ ಮಗುವನ್ನು ಇಟ್ಟಳು. ಅವರ ಮನೆತನದಲ್ಲಿ ಮಗುವನ್ನು ಕೊಡುವ ರೀತಿ ಅದು. ಕಾಗದವಿಲ್ಲ, ಸಾಕ್ಷಿಯಿಲ್ಲ. ಉಡಿಗೆ ಹಾಕಿದವಳು ಮತ್ತೆ ಎಂದೂ ಆ ಮಗುವನ್ನು ತನ್ನದೆಂದು ಅನ್ನಬಾರದು. ಬೇರೆಯವರು ಅಂದರೂ ಹೌದು ಅನ್ನಬಾರದು. ಅಷ್ಟೇ ಕಟ್ಟಳೆ.

ಶಾಂಭವಿ ಅದನ್ನು ಪಾಲಿಸಿದ್ದಳು. ಹಬ್ಬಕ್ಕೆ ಹೋದಾಗ ಬೇರೆ ಮಕ್ಕಳಿಗಿಂತ ಒಂದು ತುತ್ತು ಹೆಚ್ಚು ತಿನ್ನಿಸಿರಲಿಲ್ಲ.

ಈಗ ಯಂತ್ರಕ್ಕೆ ತಾಯಿ ಬೇಕಾಗಿದ್ದಳು. ತಾಯಿಯೆಂದು ಬರೆದ ಕೊಳವೆಯ ರಕ್ತ ಮಗುವಿನದಕ್ಕೆ ಹೊಂದದಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು. ಕಡತ ಬೆಂಗಳೂರಿನ ಸಮಿತಿಗೆ ಹೋಗುತ್ತಿತ್ತು. ಮಗು ಯಾರದು, ಈ ಮನೆಗೆ ಹೇಗೆ ಬಂತು ಎಂದು ವಿಚಾರಣೆಯಾಗುತ್ತಿತ್ತು. ಹಿಂದೆ ಅಂಥ ಎರಡು ಕಡತಗಳನ್ನು ಶಾಂಭವಿ ನೋಡಿದ್ದಳು. ಒಂದು ಎಂಟು ತಿಂಗಳು ಹಿಡಿದಿತ್ತು. ಇನ್ನೊಂದರಲ್ಲಿ, ವಿಚಾರಣೆ ಮುಗಿಯುವವರೆಗೆ ಮಗುವನ್ನು ಸರ್ಕಾರದ ಬಾಲಮಂದಿರದಲ್ಲಿ ಇರಿಸಿದ್ದರು.

ದಾಕ್ಷಾಯಣಿ ಮಾದರಿ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. ಶಾಂಭವಿಗೆ ಒಂದು ಅಭ್ಯಾಸವಿತ್ತು. ಸೂಜಿ ಮುಟ್ಟುವ ಮೊದಲು ಕೊಳವೆಯ ಚೀಟಿ ಬರೆದು, ರಕ್ತ ಕೊಡುವವರಿಂದಲೇ ಅದನ್ನು ಗಟ್ಟಿಯಾಗಿ ಓದಿಸುತ್ತಿದ್ದಳು. ಒಂಬತ್ತು ವರ್ಷದಲ್ಲಿ ಅವಳ ಕೈಯಿಂದ ಒಂದೂ ಕೊಳವೆ ಅದಲುಬದಲಾಗಿರಲಿಲ್ಲ.

‘ಓದಕ್ಕಾ,’ ಎಂದಳು.

‘ದಾಕ್ಷಾಯಣಿ ಮಹಾಂತೇಶ ಬಾವಿಕಟ್ಟಿ,’ ಎಂದು ಓದಿದಳು ಅಕ್ಕ. ಅದರ ಕೆಳಗೆ ‘ಸಂಬಂಧ: ತಾಯಿ’ ಎಂದಿತ್ತು. ಅದನ್ನು ಓದಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಶಾಂಭವಿ ಬಾಗಿಲು ಮುಂದೆ ಮಾಡಿ, ಎಡಗೈಗೆ ರಬ್ಬರು ಪಟ್ಟಿ ಕಟ್ಟಿ ಅದರ ತುದಿಯನ್ನು ಹಲ್ಲಿನಲ್ಲಿ ಎಳೆದಳು. ಇನ್ನೊಂದು ಚೀಟಿಯ ಮೇಲೆ ಅದೇ ಹೆಸರು ಬರೆದಳು. ಗಟ್ಟಿಯಾಗಿ ಓದಲಿಲ್ಲ. ಅಕ್ಕನ ಕೊಳವೆಯನ್ನು ಕಸದ ಕೆಂಪು ಡಬ್ಬಿಗೆ ಹಾಕಿ, ತನ್ನದನ್ನು ಯಂತ್ರದ ಗೂಡಿನಲ್ಲಿ ಇಟ್ಟಳು. ಅಕ್ಕನ ಹೆಸರಿನಲ್ಲಿ ತನ್ನ ಮೈ ಕೊಟ್ಟದ್ದು ಅದು ಎರಡನೆಯ ಸಲ ಎಂಬುದು ಕೈ ತೊಳೆಯುವಾಗ ಅವಳಿಗೆ ಹೊಳೆಯಿತು.

ಯಂತ್ರ ತಕರಾರು ಮಾಡಲಿಲ್ಲ. ಹನ್ನೆರಡನೆಯ ದಿನ ಮದ್ದು ಸಿದ್ಧವಾಯಿತು. ಮೊದಲ ಸೂಜಿಗೆ ಹುಡುಗನಿಗೆ ಎರಡು ದಿನ ಜ್ವರ ಬಂದು ಇಳಿಯಿತು.

ವರದಿಯ ಒಂದು ಪ್ರತಿ ಬೆಟಗೇರಿಗೆ, ದಾಕ್ಷಾಯಣಿಯ ಮನೆಗೆ ಅಂಚೆಯಲ್ಲಿ ಹೋಯಿತು. ಕೊನೆಯ ಪುಟದ ಕಡೆಯ ಸಾಲುಗಳು ಶಾಂಭವಿಗೆ ಬಾಯಿಪಾಠವಿದ್ದವು. ಈ ರೋಗದ ಎಲ್ಲ ವರದಿಗಳಲ್ಲೂ ಯಂತ್ರ ಅವನ್ನು ತಾನೇ ಸೇರಿಸುತ್ತಿತ್ತು. ‘ಈ ತಾಯಿಯ ಹೆಣ್ಣುಮಕ್ಕಳೂ ಸೋದರಿಯರೂ ಇದೇ ದೋಷವನ್ನು ಹೊತ್ತಿರುವ ಸಾಧ್ಯತೆಯಿದೆ. ಅವರಲ್ಲಿ ಯಾರಾದರೂ ಗರ್ಭಿಣಿಯಾಗಿದ್ದರೆ ಹದಿನೆಂಟು ವಾರದೊಳಗೆ ಪರೀಕ್ಷಿಸತಕ್ಕದ್ದು.’ ಗರ್ಭದಲ್ಲಿ ಸ್ನಾಯು ಬಲಿಯುವ ಮುನ್ನವೇ ಮದ್ದು ಕೊಟ್ಟರೆ ರೋಗ ಕಾಣಿಸಿಕೊಳ್ಳುವುದೇ ಇಲ್ಲ. ಹದಿನೆಂಟು ವಾರ ದಾಟಿದರೆ ಮಗು ಹುಟ್ಟಿ ಬೆಳೆಯುವವರೆಗೆ ಕಾಯಬೇಕು. ಅಷ್ಟರಲ್ಲಿ ಹೋಗುವುದು ಹೋಗಿರುತ್ತದೆ.

ದಾಕ್ಷಾಯಣಿಗೆ ಹೆಣ್ಣುಮಕ್ಕಳಿರಲಿಲ್ಲ. ವರದಿ ಆಡಿದ ಮಾತು ಬೇರೆ ಮನೆಗೆ ಸಂಬಂಧಿಸಿದ್ದು.

ಚಿನ್ಮಯಿ ಹಿಂದಿನ ವರ್ಷ ಮದುವೆಯಾಗಿ ಕೊಪ್ಪಳಕ್ಕೆ ಹೋಗಿದ್ದಳು. ಮೂರನೆಯ ತಿಂಗಳೆಂದು ತವರಿಗೆ ಬಂದಳು. ಬಸ್ಸಿನಿಂದ ಇಳಿದವಳೇ ಬದನೆಕಾಯಿ ಎಣ್ಣೆಗಾಯಿ ಬೇಕೆಂದಳು. ಮಾಡಿಕೊಟ್ಟರೆ ವಾಸನೆ ತಡೆಯದೆ ಎದ್ದು ಹೋದಳು. ‘ನಿನ್ನ ಮೊಮ್ಮಗಳಿಗೆ ನಿನ್ನ ಕೈ ರುಚಿ ಸೇರಂಗಿಲ್ಲ ನೋಡಬೇ,’ ಎಂದು ನಕ್ಕಳು. ಅದು ಹನ್ನೊಂದನೆಯ ವಾರ. ಶಾಂಭವಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಏಳು ವಾರಗಳನ್ನು ಕಣ್ಣಿನಲ್ಲೇ ಎಣಿಸಿದಳು. ಆ ಕ್ಯಾಲೆಂಡರು ಅಕ್ಕನ ಗಂಡ ಮಹಾಂತೇಶನ ಅಚ್ಚುಕೂಟದ್ದು.

ಮಗಳನ್ನು ಸುಮ್ಮನೆ ಕರೆದುಕೊಂಡು ಹೋಗಿ ರಕ್ತ ಕೊಡಿಸುವ ಹಾಗಿರಲಿಲ್ಲ. ಇಡೀ ರಾಜ್ಯದ ದುರಸ್ತಿ ಕೇಂದ್ರಗಳಿಗೆ ದಾಖಲೆ ಒಂದೇ. ಚಿನ್ಮಯಿಯ ರಕ್ತ ಯಾವ ಯಂತ್ರಕ್ಕೆ ಹೋದರೂ ಅದು ಅವಳ ತಾಯಿ ದಾಕ್ಷಾಯಣಿ ಬಾವಿಕಟ್ಟಿ ಎಂದು ಹೇಳುತ್ತಿತ್ತು. ಶಾಂಭವಿ ತನ್ನದೇ ರಕ್ತ ಕೊಟ್ಟರೆ ಒಬ್ಬಳೇ ಹೆಂಗಸಿಗೆ ಎರಡು ಹೆಸರು ಬರುತ್ತಿತ್ತು. ಪ್ರಮಥನಿಗೆಂದು ತೆರೆದ ಬಾಗಿಲು ಚಿನ್ಮಯಿಗೆ ಮುಚ್ಚಿತ್ತು, ಮುಚ್ಚಿದವಳು ತಾನೇ.

ಡಾಕ್ಟರು ಬೇರೆ ಎರಡು ಸಲ ಕೇಳಿದರು. ನೀವೂ ದಾಕ್ಷಾಯಣಿಯ ತಂಗಿಯಲ್ಲವೇ, ಒಮ್ಮೆ ನಿಮ್ಮದೂ ನೋಡಿಬಿಡೋಣ ಎಂದರು. ಶಾಂಭವಿ ಮೊದಲ ಸಲ ನೆಗಡಿಯೆಂದಳು; ಎರಡನೆಯ ಸಲ ಮುಂದಿನ ವಾರ ಎಂದಳು. ಡಾಕ್ಟರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ ಬೇರೆ ಮಾತು ತೆಗೆದರು.

ಗಂಡ ವೀರಭದ್ರ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಹೆಚ್ಚು ಮಾತಾಡದವನು. ಹದಿಮೂರನೆಯ ವಾರ ಅವಳು ಅವನಿಗೆ ಕೊಳವೆ ಬದಲಿಸಿದ್ದನ್ನೂ ವರದಿಯ ಮಾತನ್ನೂ ಹೇಳಿದಳು. ಅವನು ಬಹಳ ಹೊತ್ತು ಬೆರಳಿನ ಗ್ರೀಸು ಒರೆಸುತ್ತ ಕೂತ.

‘ಮಾತು ಕೊಟ್ಟೀನಿ,’ ಎಂದಳು ಶಾಂಭವಿ.

‘ಕೊಟ್ಟಾಕಿ ನೀ ಒಬ್ಬಾಕೇ ಏನು? ನಾನೂ ಕೊಟ್ಟೀನಿ,’ ಎಂದ ಅವನು. ಬಟ್ಟೆ ಕೆಳಗಿಟ್ಟು, ‘ಖರೇ ಹೇಳಿದರ ಅಕ್ಕನ ಮನಿಗೆ ಯಾರು ಬರ್ತಾರ, ಏನು ಬರೀತಾರ, ಅದೂ ಗೊತ್ತಿಲ್ಲ. ಹೇಳದಿದ್ದರ ಏನಾಗತೈತಿ, ಅದು ನಿನಗ ಗೊತ್ತೈತಿ,’ ಎಂದ.

ಸೋಮವಾರ ಡಾಕ್ಟರಿಗೆ ಹೇಳೋಣವೆಂದುಕೊಂಡಳು. ಸೋಮವಾರ ಪ್ರಮಥನ ಎರಡನೆಯ ಸೂಜಿಯಿತ್ತು. ಸುಳ್ಳು ಮಾದರಿಯೆಂದು ಗೊತ್ತಾದರೆ ಅದನ್ನು ತಡೆಹಿಡಿದಾರು ಎಂದು ಸುಮ್ಮನಾದಳು. ಹದಿನಾಲ್ಕನೆಯ ವಾರ ಬಂತು. ಮಗಳು ಅಂಗಳದಲ್ಲಿ ಕೂತು ಕಡಲೆಸೊಪ್ಪು ಸೋಸುತ್ತಿದ್ದರೆ ಶಾಂಭವಿ ಹೊಸ್ತಿಲವರೆಗೆ ಹೋಗಿ, ಬಾಯಿ ತೆರೆದು, ನೀರು ಬೇಕೇನೆಂದು ಕೇಳಿ ಒಳಗೆ ಬರುತ್ತಿದ್ದಳು. ಆರು ವರ್ಷ ಆಡದೆ ಇದ್ದ ಮಾತು ಎಲ್ಲಿ ಶುರುವಾಗುತ್ತದೆ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಅಕ್ಕನಿಂದಲೂ ಫೋನಿಲ್ಲ. ವರದಿ ತಲುಪಿ ಒಂದು ತಿಂಗಳಾಗಿತ್ತು. ಅಕ್ಕ ಒಂದೊಂದೂ ಸಾಲು ಓದುವವಳು. ಗಂಡ ಅಚ್ಚು ಹಾಕುವ ಲಗ್ನಪತ್ರಿಕೆಗಳ ತಪ್ಪು ತಿದ್ದುವವಳೂ ಅವಳೇ.

ಹದಿನೈದನೆಯ ವಾರದ ಭಾನುವಾರ ಬೆಳಿಗ್ಗೆ ದಾಕ್ಷಾಯಣಿ ಬಂದಳು. ಪ್ರಮಥನನ್ನು ಗಂಡನ ಬಳಿ ಬಿಟ್ಟು ಒಬ್ಬಳೇ ಬಂದಿದ್ದಳು. ಕೈಯಲ್ಲಿ ಉಡಿ ತುಂಬುವ ಸಾಮಾನಿನ ಚೀಲವಿತ್ತು. ಬಸುರಿ ಮಗಳಿಗೆ ದೊಡ್ಡವ್ವ ಉಡಿ ತುಂಬಲು ಬರುವುದು ಸಹಜವೇ. ಚಿನ್ಮಯಿ ಚಾಪೆ ಹಾಸಿದಳು. ಕೂತು ಸೆರಗು ಒಡ್ಡಿದಳು. ದಾಕ್ಷಾಯಣಿ ಅಕ್ಕಿ, ಕಾಯಿ, ಉತ್ತತ್ತಿ, ಇಳಕಲ್ಲಿನ ಖಣ ಹಾಕಿ, ಕುಂಕುಮ ಹಚ್ಚಿದಳು. ಆಮೇಲೆ ತಂಗಿಯ ಕಡೆ ತಿರುಗಿದಳು.

‘ನೀನೂ ಕೂಡ್ರು.’

‘ನನಗ್ಯಾಕಕ್ಕಾ ಈಗ?’

‘ಕೂಡ್ರು. ಉಡಿ ಒಡ್ಡು.’

ಶಾಂಭವಿ ಕೂತಳು. ದಾಕ್ಷಾಯಣಿ ಐದು ಹಿಡಿ ಅಕ್ಕಿ ಹಾಕಿದಳು, ಒಂದೊಂದನ್ನೂ ಎಣಿಸುತ್ತ. ಕಾಯಿ ಇಟ್ಟಳು. ಚೀಲದ ತಳದಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದು ಅದರ ಮೇಲಿಟ್ಟಳು. ಮಡಿಕೆಗಳು ಸವೆದು ಮೆತ್ತಗಾಗಿದ್ದವು. ಎಷ್ಟೋ ಸಲ ಬಿಚ್ಚಿ ಮಡಚಿದ್ದಿರಬೇಕು. ಶಾಂಭವಿಗೆ ಅದು ಏನೆಂದು ಬಿಚ್ಚದೆಯೇ ಗೊತ್ತಾಯಿತು.

‘ಇದು ನನ್ನ ಮನಿಗೆ ತಪ್ಪಿ ಬಂದೈತಿ,’ ಎಂದಳು ದಾಕ್ಷಾಯಣಿ. ‘ಕಡೀ ಹಾಳಿ ನಿನ್ನ ಮಗಳಿಗೆ ಓದಿ ಹೇಳು. ಇನ್ನೂ ಮೂರು ವಾರ ಅದಾವು.’

ಚಿನ್ಮಯಿ ಇಬ್ಬರನ್ನೂ ನೋಡಿದಳು. ಶಾಂಭವಿ ಮಾತಾಡಲು ಹೋದಳು.

‘ನೀ ಹೇಳಬ್ಯಾಡ. ನೀ ಹೇಳಬಾರದು ಅಂತನ ಐತಿ ಕಟ್ಟಳೆ,’ ಎಂದಳು ಅಕ್ಕ. ‘ತಗೊಂಡಾಕಿ ಹೇಳಬಾರದು ಅಂತ ಏನೂ ಇಲ್ಲ. ಇಷ್ಟು ದಿನಾ ಕೂತು ಅದನ್ನ ವಿಚಾರ ಮಾಡಿದೆ.’

ದಾಕ್ಷಾಯಣಿಯೇ ಚಿನ್ಮಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಹುಬ್ಬಳ್ಳಿಯ ಮನೆ, ಚೀಟಿಯ ಹೆಸರು, ಹನ್ನೊಂದನೆಯ ದಿನ, ವರದಿ ಓದಿ ತಾನೇ ಊಹಿಸಿದ ಕೊಳವೆಯ ಸಂಗತಿ. ಅಳಲಿಲ್ಲ, ಏನನ್ನೂ ಮರೆಮಾಚಲಿಲ್ಲ. ಚಿನ್ಮಯಿ ಉಡಿಯ ಅಕ್ಕಿಯನ್ನು ಬೆರಳಿನಿಂದ ಸರಿಸುತ್ತ ಕೇಳಿದಳು.   

ಕೊನೆಗೆ ಚಿನ್ಮಯಿ, ‘ನಾಳೆ ನಿಮ್ಮ ಕೇಂದ್ರ ಎಷ್ಟು ಗಂಟೆಗೆ ತೆಗೀತೈತಿ?’ ಎಂದಳು.

ಸೋಮವಾರ ಹತ್ತು ಗಂಟೆಗೆ ಮೂವರೂ ಡಾಕ್ಟರ ಮುಂದೆ ಕೂತಿದ್ದರು. ಹೇಳಿದವಳು ದಾಕ್ಷಾಯಣಿ. ಕೆಂಪು ಡಬ್ಬಿಯ ವಿಷಯವನ್ನು ಮಾತ್ರ ಶಾಂಭವಿ ಹೇಳಿದಳು. ಡಾ. ಮುಜಾವರ ಎದ್ದು ಕಿಟಕಿಯ ಹತ್ತಿರ ಹೋಗಿ, ಯಾರೂ ಇಲ್ಲದ ಮೆಟ್ಟಿಲುಗಳನ್ನು ನೋಡುತ್ತ ನಿಂತರು.

‘ಮದ್ದು ಹುಡುಗನಿಗೆ ಹೊಂದೈತಿ. ಅದನ್ನ ನಾ ನಿಲ್ಲಿಸಂಗಿಲ್ಲ,’ ಎಂದರು. ‘ಉಳಿದದ್ದನ್ನ ಬರೀಲೇಬೇಕು, ಶಾಂಭವಿ. ಒಂಬತ್ತು ವರ್ಷ ನಿಮ್ಮ ಚೀಟಿ ನಾ ತಿರುಗಿ ನೋಡಿಲ್ಲ. ಇನ್ನು ಎಲ್ಲಾರವೂ ನೋಡಬೇಕಾಗತೈತಿ.’

ಅಂದಿನಿಂದಲೇ ಅವಳನ್ನು ಮಾದರಿ ಕೋಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ವಿಚಾರಣೆ ಮುಗಿದ ಮೇಲೆ ಅದೂ ಉಳಿಯುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ. ದತ್ತಕದ ಕಾಗದಗಳನ್ನು ಈಗಲಾದರೂ ಮಾಡಿಸಬೇಕು, ಹೆತ್ತವರಿಬ್ಬರೂ ರುಜು ಹಾಕಬೇಕು, ಸಮಿತಿಯವರು ಮನೆಗೆ ಬಂದು ನೋಡುತ್ತಾರೆ ಎಂದರು ಡಾಕ್ಟರು. ಅಲ್ಲಿಯವರೆಗೆ ಹುಡುಗ ಇದ್ದಲ್ಲಿಯೇ ಇರಲಿ ಎಂದು ತಾವೇ ಬರೆಯುವುದಾಗಿ ಹೇಳಿದರು.

ಪಡಸಾಲೆಯ ಬೆಂಚಿನ ಮೇಲೆ ಅಕ್ಕತಂಗಿಯರು ಪಕ್ಕಪಕ್ಕ ಕೂತರು. ಮಹಾಂತೇಶ ಪ್ರಮಥನನ್ನು ಶಾಲೆಯಿಂದ ಅಲ್ಲಿಗೇ ಕರೆತಂದಿದ್ದ. ಅಂದು ಅವನ ತಪಾಸಣೆಯೂ ಇತ್ತು. ತೆರೆದ ಕಿಟಕಿಯಿಂದ ಮಾದರಿ ಕೋಣೆಯ ಮಾತು ಕೇಳಿಸುತ್ತಿತ್ತು. ಶಾಂಭವಿಯ ಜಾಗದಲ್ಲಿ ಅಂದು ಕೂರಿಸಿದ್ದ ಹೆಣ್ಣುಮಗಳು ಚಿನ್ಮಯಿಯ ಚೀಟಿ ಬರೆಯುತ್ತಿದ್ದಳು. ಹೆಸರು, ಊರು, ಎಷ್ಟನೆಯ ವಾರ. ತಾಯಿಯ ಹೆಸರು ಕೇಳಿದಳು, ಚಿನ್ಮಯಿ ಹೇಳಿದಳು.

‘ಒಡಹುಟ್ಟಿದವರು?’

 ಶಾಂಭವಿ ತನ್ನ ಪಾದಗಳನ್ನು ನೋಡುತ್ತ ಕೂತಳು.

‘ಒಬ್ಬ,’ ಎಂದಳು ಚಿನ್ಮಯಿ. ‘ಪ್ರಮಥ ಅಂತ ಬರೀರಿ.’

ಫಲಿತಾಂಶ ಬರಲು ನಾಲ್ಕು ತಾಸು ಹಿಡಿಯಿತು. ತಾಯಿಯ ರಕ್ತದಲ್ಲಿಯೇ ಗರ್ಭದ ಮಗುವಿನ ವಂಶವಾಹಿಯ ಚೂರುಗಳೂ ತೇಲುತ್ತಿರುತ್ತವೆ. ಯಂತ್ರ ಎರಡನ್ನೂ ಒಮ್ಮೆಗೇ ಓದುತ್ತಿತ್ತು. ಡಾಕ್ಟರು ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ಚಿನ್ಮಯಿಗೂ ದೋಷ ಬಂದಿದೆ, ಮಗುವಿಗೂ ಬಂದಿದೆ, ಪ್ರಮಥನ ಮದ್ದೇ ಇದಕ್ಕೂ ಆಗುತ್ತದೆ, ಗುರುವಾರ ಶುರು ಮಾಡೋಣ, ವೇಳೆಯಿದೆ ಎಂದರು. ಮಗು ಗಂಡೋ ಹೆಣ್ಣೋ ಹೇಳಲಿಲ್ಲ. ಹೇಳಲು ಕಾನೂನು ಬಿಡುವುದಿಲ್ಲ, ಯಾರೂ ಕೇಳಲೂ ಇಲ್ಲ. ಹೆಣ್ಣಾಗಿದ್ದರೆ ಮದ್ದಿನ ಅವಸರ ಇರುತ್ತಿರಲಿಲ್ಲ ಎಂಬುದು ಒಂಬತ್ತು ವರ್ಷ ಆ ಯಂತ್ರದ ಪಕ್ಕದಲ್ಲಿ ಕೆಲಸ ಮಾಡಿದ ಶಾಂಭವಿಗೆ ಗೊತ್ತಿತ್ತು. ಗೊತ್ತಿದ್ದನ್ನು ತನ್ನೊಳಗೇ ಇಟ್ಟುಕೊಂಡಳು. ಇದನ್ನು ಇಟ್ಟುಕೊಳ್ಳಲು ಯಾವ ಕಷ್ಟವೂ ಆಗಲಿಲ್ಲ.

ಡಾಕ್ಟರು ಎದ್ದು ಕಿಟಕಿಗೆ ಹೋಗಿ ಕೈಗಡಿಯಾರ ನೋಡಿಕೊಂಡರು. ಹೊರಗೆ ಪ್ರಮಥ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಹತ್ತಲು ಹೇಳಿದರು. ಎರಡನೆಯ ಮೆಟ್ಟಿಲಲ್ಲಿ ಅವನ ಕೈ ಮೊಣಕಾಲಿಗೆ ಹೋಯಿತು. ಇನ್ನು ಮುಂದೆಯೂ ಹೋಗುತ್ತಿರುತ್ತದೆ. ‘ಏಳು,’ ಎಂದರು ಡಾಕ್ಟರು. ಹೋದ ತಿಂಗಳೂ ಏಳು, ಅದರ ಹಿಂದಿನ ತಿಂಗಳೂ ಏಳು. ಅದನ್ನು ಬರೆದುಕೊಂಡರು.

ಹುಡುಗ ಬಾಗಿಲಲ್ಲಿ ನಿಂತು, ‘ಅವ್ವಾ, ನೀರು,’ ಎಂದ.

ದಾಕ್ಷಾಯಣಿ ಬಾಟಲಿ ತೆಗೆದುಕೊಂಡು ಎದ್ದಳು. ಶಾಂಭವಿ ತಲೆಯೆತ್ತಲಿಲ್ಲ, ಅಕ್ಕ ಎದ್ದು ಹೋಗಲೆಂದು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟಳು.